ಮೊದಲ ದುಡ್ಡು ಯಾರ ಹತ್ರ ತಗೋಬೇಕು? ವಿಸಿ, ಏಂಜೆಲ್, ಗ್ರಾಂಟ್, ಕಸ್ಟಮರ್, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ನೋಡೋಣ

ಸ್ಟಾರ್ಟಪ್ ಶುರು ಮಾಡಿರೋ ಹುಡುಗ್ರು ಯಾರು ಸಿಕ್ಕಿದ್ರೂ ಮೊದಲು ಕೇಳೋದು ಒಂದೇ, "ಅಣ್ಣ, ಯಾವ ವಿಸಿ ಒಳ್ಳೇದು?" ಅಂತ. ವಿಸಿ ಅಂದ್ರೆ ವೆಂಚರ್ ಕ್ಯಾಪಿಟಲ್, ಪಾಲು ತಗೊಂಡು ಸ್ಟಾರ್ಟಪ್‌ಗೆ ದುಡ್ಡು ಹಾಕೋರು, ಅದಕ್ಕೆ ಅವರು ಒಟ್ಟು ಮಾಡಿಟ್ಟ ದುಡ್ಡಿನ ಗಂಟೇ ಫಂಡ್. ನಾನು ತಿರುಗಿ ಕೇಳೋದೂ ಒಂದೇ, ನಿಮ್ಮ ಕೆಲ್ಸ ಕೈಗೆ ಹತ್ತೋದಕ್ಕೆ ಎಷ್ಟು ವರ್ಷ ಬೇಕು, ನಿಮಗೆ ದುಡ್ಡು ಕೊಡೋರಿಗೆ ಎಷ್ಟು ವರ್ಷ ಟೈಮ್ ಇದೆ? ಈ ಎರಡು ನಂಬರ್ ಹೊಂದಿಕೆ ಆಗದೇ ಇದ್ರೆ ಫಂಡ್ ಎಷ್ಟು ದೊಡ್ಡದಾಗಿದ್ರೂ, ಹೆಸರು ಎಷ್ಟು ಚೆನ್ನಾಗಿದ್ರೂ ಆಮೇಲೆ ಕಷ್ಟ ಆಗುತ್ತೆ.

ಇದು ನನಗೆ ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಾನೂ ನನ್ನ ಸ್ನೇಹಿತನೂ ಸೇರಿ ಹಳ್ಳಿ ಡೈರಿಗಳಲ್ಲಿ ಹಾಲು ತಣ್ಣಗಿಡೋ ದೊಡ್ಡ ಟ್ಯಾಂಕ್ ಇರುತ್ತಲ್ಲ, ಬಿಎಂಸಿ ಅಂತಾರೆ, ಅದಕ್ಕೆ ಸೆನ್ಸರ್ ಹಾಕೋ ಕಂಪ್ನಿ ಮಾಡಿದ್ವಿ. ಕರೆಂಟ್ ಹೋಗಿ ಟ್ಯಾಂಕಿನ ಟೆಂಪರೇಚರ್ 4 ಡಿಗ್ರಿ ದಾಟಿ ಮೇಲೇರ್ತಾ ಹೋದ್ರೆ ಸಂಘದ ಸೆಕ್ರೆಟರಿ ಫೋನಿಗೆ ಮೆಸೇಜ್ ಹೋಗ್ತಿತ್ತು, ಜನರೇಟರ್ ಹಾಕಿ ಅಂತ. ಕೆಲ್ಸ ಒಳ್ಳೇದೇ, ಆದ್ರೆ ನಿಧಾನ. ಒಂದು ಡೈರಿಯೋರು ಒಪ್ಪಬೇಕು, ಆಡಳಿತ ಮಂಡಳಿ ಮೀಟಿಂಗಲ್ಲಿ ಪಾಸ್ ಆಗಬೇಕು, ಒಂದು ಬೇಸಿಗೆ ಪೂರ್ತಿ ಓಡಿಸಿ ತೋರಿಸಬೇಕು, ಆಮೇಲೆ ಪಕ್ಕದ ಊರಿನೋರು ಬಂದು ನೋಡ್ತಾರೆ. ಇದೇ ಟೈಮಲ್ಲಿ ಒಂದು ಫಂಡ್‌ನೋರು ನಮ್ಮನ್ನ 4 ತಿಂಗಳು ಓಡಾಡಿಸಿದ್ರು. ಪ್ರತಿ ಸಲ ಇನ್ನೊಂದು ಎಕ್ಸೆಲ್ ಶೀಟ್ ಕೇಳೋದು, ಇನ್ನೊಬ್ಬರ ಜೊತೆ ಕಾಲ್ ಮಾಡ್ಸೋದು, ಆಗಲ್ಲ ಅಂತ ಮಾತ್ರ ಹೇಳ್ತಿರ್ಲಿಲ್ಲ. ಕೊನೆಗೆ ಅಲ್ಲಿ ಕೆಲ್ಸ ಬಿಟ್ಟಿದ್ದ ಒಬ್ಬರು ಹೇಳಿದ್ಮೇಲೆ ಗೊತ್ತಾಯ್ತು, ಆ ಫಂಡ್‌ಗೆ ಆಗ್ಲೇ 8ನೇ ವರ್ಷ, ಹೊಸ ಕಂಪ್ನಿಗೆ ಹಾಕೋಕೆ ದುಡ್ಡೇ ಉಳಿದಿರ್ಲಿಲ್ಲ, ಮುಂದಿನ ಫಂಡ್ ಎತ್ತೋ ತನಕ ನಮ್ಮನ್ನ ಸಾಲಲ್ಲಿ ನಿಲ್ಲಿಸಿಟ್ಟಿದ್ರು. ಆ 4 ತಿಂಗಳು ನಾವಿಬ್ರೂ ಸಂಬಳ ತಗೊಂಡಿರ್ಲಿಲ್ಲ. ಮೊದಲ ಮೀಟಿಂಗಲ್ಲೇ "ನಿಮ್ಮ ಫಂಡ್‌ಗೆ ಇದು ಎಷ್ಟನೇ ವರ್ಷ" ಅಂತ ಕೇಳಿದ್ದಿದ್ರೆ ಸಾಕಾಗಿತ್ತು.

ವಿಸಿ ದುಡ್ಡು ವಿಸಿಯದ್ದಲ್ಲ

ಇದನ್ನ ಸರಿಯಾಗಿ ಅರ್ಥ ಮಾಡ್ಕೊಂಡ್ರೆ ಮುಂದಿನ ಹೋಲಿಕೆ ಎಲ್ಲಾ ಸಲೀಸು. ವಿಸಿ ಕಂಪ್ನಿಯೋರು ಬೇರೆಯೋರಿಂದ ದುಡ್ಡು ತಂದು ನಮಗೆ ಹಾಕ್ತಾರೆ. ಶ್ರೀಮಂತ ಕುಟುಂಬಗಳು, ದೊಡ್ಡ ಕಂಪ್ನಿಗಳು, ವಿದೇಶದ ಪೆನ್ಶನ್ ಫಂಡ್‌ಗಳು, ನಮ್ಮಲ್ಲಿ ಸಣ್ಣ ಉದ್ಯಮಗಳಿಗೆ ಅಂತಲೇ ಇರೋ ಸಿಡ್ಬಿ ಬ್ಯಾಂಕ್ ಕೂಡ ಹಾಕುತ್ತೆ, 2016ರಲ್ಲಿ ಕೇಂದ್ರ ಸರ್ಕಾರ ಮಾಡಿದ 10,000 ಕೋಟಿಯ ಫಂಡ್ ಆಫ್ ಫಂಡ್ಸ್, ಅಂದ್ರೆ ಬೇರೆ ಫಂಡ್‌ಗಳಿಗೆ ದುಡ್ಡು ಹಾಕೋ ಫಂಡ್, ನೋಡ್ಕೊಳ್ಳೋದು ಅವರೇ. ಷೇರು ಮಾರ್ಕೆಟ್ ನಿಯಂತ್ರಿಸೋ ಸೆಬಿಯ 2012ರ ಎಐಎಫ್ (ವಿಸಿ ತರದ ಖಾಸಗಿ ಫಂಡ್‌ಗಳು) ನಿಯಮದ ಪ್ರಕಾರ ಇಂಥ ಫಂಡ್‌ಗೆ ಹಾಕೋ ಒಬ್ಬೊಬ್ರೂ ಸಾಮಾನ್ಯವಾಗಿ ಕಮ್ಮಿ ಅಂದ್ರೂ 1 ಕೋಟಿ ಹಾಕಬೇಕು. ಅವರೆಲ್ಲರಿಗೂ ಸುಮಾರು 10 ವರ್ಷದಲ್ಲಿ ದುಡ್ಡು ವಾಪಸ್ ಕೊಡ್ತೀವಿ ಅಂತ ಮಾತಾಗಿರುತ್ತೆ. ಮೊದಲ 3-4 ವರ್ಷ ಹೊಸ ಕಂಪ್ನಿಗಳಿಗೆ ಹಾಕ್ತಾರೆ, ಆಮೇಲೆ ಅವೇ ಕಂಪ್ನಿಗಳಿಗೆ ಇನ್ನಷ್ಟು ಹಾಕ್ತಾರೆ, ಕೊನೇ ವರ್ಷಗಳಲ್ಲಿ ಮಾರಿ ಹೊರಗೆ ಬರೋ ದಾರಿ ನೋಡ್ತಾರೆ.

ನಮ್ಮ ಕಡೆ ಶುಂಠಿ ಹಾಕೋರು ಜಮೀನು ಒಂದು ವರ್ಷಕ್ಕೆ ಗುತ್ತಿಗೆ ತಗೊಳ್ತಾರೆ, ಬೆಳೆ ಕಿತ್ಕೊಂಡು ಬಿಟ್ಟು ಹೋಗ್ತಾರೆ, ಅವರ ಲೆಕ್ಕಕ್ಕೆ ಅದು ಸರಿ. ಅಡಿಕೆ ಸಸಿ ಇಡೋನು ಒಂದು ವರ್ಷದ ಗುತ್ತಿಗೆ ಜಮೀನಲ್ಲಿ ಇಡ್ತಾನಾ? ದುಡ್ಡಿನ ವಿಷಯದಲ್ಲಿ ನಾವು ಇದೇ ತಪ್ಪು ಮಾಡ್ತೀವಿ.

ಇನ್ನೊಂದು ಲೆಕ್ಕ ಇದೆ, ಫಂಡ್ ಸೈಜಿನದ್ದು. ಒಂದು ಪೇಪರ್ ತಗೊಂಡು ಮಾಡಿ ನೋಡಿ. 500 ಕೋಟಿ ಫಂಡ್ ಅಂತ ಇಟ್ಕೊಳ್ಳಿ. ನಿಮ್ಮ ಕಂಪ್ನಿ ಮಾರೋ ಹೊತ್ತಿಗೆ ಆಮೇಲೆ ಬೇರೆಯೋರೂ ದುಡ್ಡು ಹಾಕಿ ಅವರ ಪಾಲು ಕರಗಿ ಕರಗಿ 15% ಉಳಿದಿದೆ ಅಂದ್ರೆ, ಬರೀ ನಿಮ್ಮೊಬ್ಬರಿಂದ ಅವರ ಫಂಡ್ ಒಂದು ಸಲ ವಾಪಸ್ ಬರಬೇಕು ಅಂದ್ರೂ ನಿಮ್ಮ ಕಂಪ್ನಿ 3,333 ಕೋಟಿಗೆ ಹೋಗಬೇಕು. ಅದೇ 50 ಕೋಟಿ ಫಂಡ್, 10% ಪಾಲು ಅಂದ್ರೆ 500 ಕೋಟಿ ಕಂಪ್ನಿ ಸಾಕು. ನೀವು ಕಟ್ಟೋಕೆ ಹೊರಟಿರೋದು 300 ಕೋಟಿಗೆ ಮಾರಬಹುದಾದ ಗಟ್ಟಿ ವ್ಯವಹಾರ ಅಂದ್ರೆ ಅದು ನಿಮಗೆ ಜೀವನ ಬದಲಾಯಿಸೋ ದುಡ್ಡು, 500 ಕೋಟಿ ಫಂಡ್‌ನೋರಿಗೆ ಅದರಿಂದ ಹೆಚ್ಚೇನೂ ಆಗಲ್ಲ. ಆಗ ಅವರು "ಈಗ ಮಾರ್ಬೇಡಿ, ಇನ್ನೂ ಜೋರಾಗಿ ಖರ್ಚು ಮಾಡಿ ದೊಡ್ಡದು ಮಾಡಿ" ಅಂತಾರೆ. ಅದು ಕೆಟ್ಟ ಬುದ್ಧಿಯಿಂದ ಬರೋ ಮಾತಲ್ಲ, ಅವರ ಲೆಕ್ಕ ಹಾಗೇ ಇದೆ. ಹಾಕಿದ 10 ಕಂಪ್ನಿಯಲ್ಲಿ ಬಹಳಷ್ಟು ಮುಳುಗೋದು ಅವರಿಗೆ ಗೊತ್ತಿರೋದೇ, ಉಳಿದ ಒಂದೆರಡು ಎಲ್ಲರ ನಷ್ಟ ತುಂಬಬೇಕು.

ಆ ಒಂದು ಬಂದಾಗ ಹೇಗಿರುತ್ತೆ ಅಂತ ಬೆಂಗಳೂರಿನೋರಿಗೆ ಹೇಳಬೇಕಾಗಿಲ್ಲ. 2007ರಲ್ಲಿ ಕೋರಮಂಗಲದಲ್ಲಿ ಶುರುವಾದ ಫ್ಲಿಪ್‌ಕಾರ್ಟ್‌ಗೆ 2009ರಲ್ಲಿ ಆಕ್ಸೆಲ್ ಅನ್ನೋ ವಿಸಿಯೋರು 10 ಲಕ್ಷ ಡಾಲರ್ ಹಾಕಿದ್ರು, 2018ರಲ್ಲಿ ವಾಲ್‌ಮಾರ್ಟ್ ಬಂದು 1,600 ಕೋಟಿ ಡಾಲರ್ ಕೊಟ್ಟು ಸುಮಾರು 77% ತಗೊಂಡ್ರು. ಎಲ್ಲರೂ ಆ 1,600 ಕೋಟಿ ನೋಡ್ತಾರೆ, ನಾನು ನೋಡೋಕೆ ಹೇಳೋದು ಮಧ್ಯದ 9 ವರ್ಷ. ಅಷ್ಟು ಬೇಗ ಬೆಳೆದ ಕಂಪ್ನಿಗೇ 9 ವರ್ಷ.

ಮೊದಲು ಕಸ್ಟಮರ್ ದುಡ್ಡು

ಸಾಫ್ಟ್‌ವೇರ್ ಮಾರೋರು, ಸರ್ವಿಸ್ ಕೊಡೋರು, ಮೊದಲ ತಿಂಗಳಿಂದಲೇ ಬಿಲ್ ಮಾಡೋಕೆ ಆಗೋರು ದಯವಿಟ್ಟು ಮೊದಲು ಇದನ್ನೇ ಪೂರ್ತಿ ಪ್ರಯತ್ನ ಮಾಡಿ. ಕಸ್ಟಮರ್ ಕೊಟ್ಟ ದುಡ್ಡಿಗೆ ಪಾಲು ಕೊಡಬೇಕಾಗಿಲ್ಲ, ವಾಪಸ್ ಕೊಡಬೇಕಾಗಿಲ್ಲ, ಗಡುವೂ ಇಲ್ಲ. ನಮ್ಮೂರಲ್ಲೇ ಜೀರೋಧಾ ಇದೆ, 2010ರಲ್ಲಿ ಶುರುವಾಗಿದ್ದು, ಹೊರಗಿನೋರ ಬಂಡವಾಳ ತಗೊಳ್ಳದೇ ದೇಶದ ದೊಡ್ಡ ಬ್ರೋಕರ್ ಆಯ್ತು. ಅದನ್ನ ನೋಡಿ ಎಲ್ಲರೂ ಹಾಗೇ ಮಾಡ್ಬಹುದು ಅಂತ ಹೇಳ್ತಿಲ್ಲ, ಬ್ರೋಕರೇಜಲ್ಲಿ ಮೊದಲ ದಿನದಿಂದ ಆದಾಯ ಬರುತ್ತೆ, ರಾಕೆಟ್ ಮಾಡೋರಿಗೆ, ಔಷಧಿ ಕಂಡುಹಿಡಿಯೋರಿಗೆ ಬರಲ್ಲ. ಆದ್ರೆ ದುಡ್ಡು ಬೇಕೇ ಬೇಕು ಅನ್ನೋ ಮೊದಲು 10 ಜನ ಕಸ್ಟಮರ್ ಹತ್ರ ಅಡ್ವಾನ್ಸ್ ಕೇಳಿ ನೋಡಿ. ನಾವು ಕೇಳಿದ್ವಿ, ಒಂದು ಸಂಘದ ಸೆಕ್ರೆಟರಿ ಎರಡು ಟ್ಯಾಂಕಿನ ದುಡ್ಡು ಮುಂಗಡವಾಗಿ ಕೊಟ್ರು, ರಸೀದಿ ಪುಸ್ತಕ ಕೂಡ ಇರ್ಲಿಲ್ಲ ನಮ್ಮ ಹತ್ರ, ಓಡಿಹೋಗಿ ಎದುರಿನ ಸ್ಟೇಷನರಿ ಅಂಗಡಿಯಲ್ಲಿ ತಂದು ಬರೆದುಕೊಟ್ವಿ. ಆ ಎರಡು ರಸೀದಿ ಮುಂದೆ ಪ್ರತಿ ಇನ್ವೆಸ್ಟರ್ ಮೀಟಿಂಗಲ್ಲೂ 30 ಸ್ಲೈಡಿಗಿಂತ ಹೆಚ್ಚು ಕೆಲ್ಸ ಮಾಡಿದ್ವು.

ಗ್ರಾಂಟ್: ಪಾಲು ಕೇಳಲ್ಲ, ಪೇಪರ್ ಕೇಳುತ್ತೆ

ಗ್ರಾಂಟ್ ಅಂದ್ರೆ ವಾಪಸ್ ಕೊಡಬೇಕಾಗಿಲ್ಲದ ಸಹಾಯಧನ. ಕರ್ನಾಟಕದಲ್ಲಿ ಇರೋರು ಮೊದಲು ನೋಡಬೇಕಾಗಿದ್ದು ಎಲಿವೇಟ್. ರಾಜ್ಯ ಸರ್ಕಾರದ ಐಟಿ ಬಿಟಿ ಇಲಾಖೆ ನಡೆಸೋದು, 2017ರಿಂದ ಇದೆ, ಆಯ್ಕೆ ಆದ್ರೆ 50 ಲಕ್ಷದ ತನಕ ಸಿಗುತ್ತೆ, ನಿಮ್ಮ ಕಂಪ್ನಿಯಲ್ಲಿ ಒಂದು ಶೇರೂ ಕೇಳಲ್ಲ. ಜ್ಯೂರಿ ಮುಂದೆ ಪಿಚ್ ಮಾಡಬೇಕು, ದುಡ್ಡು ಒಂದೇ ಸಲ ಬರಲ್ಲ, ಈ ಕೆಲ್ಸ ಮುಗಿಸಿದ್ವಿ ಅಂತ ಲೆಕ್ಕ ಕೊಟ್ಟ ಹಾಗೆ ಕಂತಲ್ಲಿ ಬರುತ್ತೆ. ಕೇಂದ್ರದ್ದು ಸ್ಟಾರ್ಟಪ್ ಇಂಡಿಯಾ ಸೀಡ್ ಫಂಡ್, 2021ರಲ್ಲಿ 945 ಕೋಟಿ ಇಟ್ಟು ಶುರು ಮಾಡಿದ್ದು, ಈಗಲೂ ಅರ್ಜಿ ತಗೊಳ್ತಿದ್ದಾರಾ ಅಂತ ಮೊದಲು ವಿಚಾರಿಸಿ, ಪ್ರೋಟೋಟೈಪ್ ಹಂತಕ್ಕೆ 20 ಲಕ್ಷದ ತನಕ ಗ್ರಾಂಟ್, ಮಾರ್ಕೆಟ್‌ಗೆ ಹೋಗೋ ಹಂತಕ್ಕೆ 50 ಲಕ್ಷದ ತನಕ ಸಾಲ ಇಲ್ಲಾ ಕನ್ವರ್ಟಿಬಲ್ (ಮುಂದೆ ಶೇರಾಗೋ ಸಾಲ) ರೂಪದಲ್ಲಿ. ಅದು ಹೊಸ ಕಂಪ್ನಿಗಳಿಗೆ ಜಾಗ, ಸಲಹೆ ಕೊಡೋ ಇನ್‌ಕ್ಯುಬೇಟರ್ ಮೂಲಕ ಬರುತ್ತೆ, ಕೇಂದ್ರದ ಕೈಗಾರಿಕೆ ಇಲಾಖೆ ಡಿಪಿಐಐಟಿಯ ಸ್ಟಾರ್ಟಪ್ ಮಾನ್ಯತೆ ಇರಬೇಕು, ಅರ್ಜಿ ಹಾಕೋ ಹೊತ್ತಿಗೆ ಕಂಪ್ನಿಗೆ 2 ವರ್ಷ ದಾಟಿರಬಾರದು. ಈ 2 ವರ್ಷದ ವಿಷಯ ಗೊತ್ತಿಲ್ಲದೇ ತಪ್ಪಿಸಿಕೊಂಡೋರು ಬಹಳ ಜನ, ಸುಮ್ಮನೆ ಉತ್ಸಾಹಕ್ಕೆ ಮೊದಲೇ ಪ್ರೈವೇಟ್ ಲಿಮಿಟೆಡ್ ರಿಜಿಸ್ಟರ್ ಮಾಡಿಸಿಟ್ಟು ಆಮೇಲೆ ಒಂದೂವರೆ ವರ್ಷ ಬೇರೆ ಕಡೆ ಕೆಲ್ಸಕ್ಕೆ ಹೋಗ್ತಿರ್ತಾರೆ. ಬಯೋಟೆಕ್ ಆದ್ರೆ ಕೇಂದ್ರ ಸರ್ಕಾರದ ಬಿರಾಕ್ ಸಂಸ್ಥೆಯ ಬಿಗ್ ಗ್ರಾಂಟ್ ಇದೆ, ಅದೂ 50 ಲಕ್ಷದ ತನಕ, ಬೆಂಗಳೂರಲ್ಲಿ ಬಯೋಟೆಕ್ ಇನ್‌ಕ್ಯುಬೇಟರ್ ಸಿ-ಕ್ಯಾಂಪ್‌ನೋರನ್ನ ಕೇಳಿ.

ಹುಬ್ಬಳ್ಳಿ, ಮೈಸೂರು, ಮಂಗಳೂರು ಕಡೆಯೋರು ದುಡ್ಡಿಗೋಸ್ಕರ ಬೆಂಗಳೂರಿಗೆ ಮನೆ ಬದಲಾಯಿಸೋ ಮುಂಚೆ ಅಲ್ಲಿನ ಇನ್‌ಕ್ಯುಬೇಟರ್‌ಗಳನ್ನ ನೋಡಿ, ಹುಬ್ಬಳ್ಳಿಯಲ್ಲಿ ದೇಶಪಾಂಡೆ ಫೌಂಡೇಶನ್‌ನ ಸ್ಟಾರ್ಟಪ್ ಸೆಂಟರ್ ಇದೆ, ರಾಜ್ಯದ ಬಿಯಾಂಡ್ ಬೆಂಗಳೂರು ಯೋಜನೆ ಇದೆ. ಬಾಡಿಗೆ ಉಳಿದ್ರೆ ಅದೂ ಫಂಡಿಂಗೇ.

ಗ್ರಾಂಟಿನ ತೊಂದರೆ ಏನು ಅಂದ್ರೆ ಟೈಮ್ ನಮ್ಮ ಕೈಯಲ್ಲಿ ಇರಲ್ಲ. ಅರ್ಜಿ ಕರೆಯೋದು ಯಾವಾಗ, ರಿಸಲ್ಟ್ ಯಾವಾಗ, ಕಂತು ಯಾವಾಗ ಎಲ್ಲಾ ಅವರ ಲೆಕ್ಕ. ಮುಂದಿನ ತಿಂಗಳ ಸಂಬಳ ಗ್ರಾಂಟ್ ಮೇಲೆ ಇಟ್ಕೋಬೇಡಿ. ಸೆನ್ಸರ್ ಮೌಲ್ಡ್ ಮಾಡ್ಸೋದು, ಟೆಸ್ಟಿಂಗ್, ಪೇಟೆಂಟ್ ಇಂಥ ಒಂದು ಸಲದ ಖರ್ಚಿಗೆ ಇದಕ್ಕಿಂತ ಒಳ್ಳೇ ದುಡ್ಡು ಇಲ್ಲ.

ಏಂಜೆಲ್

ಏಂಜೆಲ್ ಅಂದ್ರೆ ತಮ್ಮ ಸ್ವಂತ ದುಡ್ಡು ಹಾಕೋರು. 10 ವರ್ಷದ ಗಡುವು ಅವರಿಗೆ ಇಲ್ಲ, ಯಾರಿಗೂ ಉತ್ತರ ಕೊಡಬೇಕಾಗಿಲ್ಲ, ಒಂದು ಕಾಫಿ ಮುಗಿಯೋದ್ರೊಳಗೆ ಹೂಂ ಅನ್ನೋರೂ ಇದ್ದಾರೆ. ಆದ್ರೆ ಇದರಲ್ಲಿ ಎರಡು ಜಾತಿ. ಒಬ್ಬರು ಆ ಉದ್ಯಮದಲ್ಲೇ 20-30 ವರ್ಷ ಕೆಲ್ಸ ಮಾಡಿದೋರು, ಅವರ ಒಂದು ಫೋನ್ ಕಾಲ್ ನಿಮ್ಮ 6 ತಿಂಗಳ ಓಡಾಟ ಉಳಿಸುತ್ತೆ, ಇಂಥೋರು 10 ಲಕ್ಷ ಹಾಕ್ತೀನಿ ಅಂದ್ರೂ ಬಿಡಬೇಡಿ. ಇನ್ನೊಬ್ಬರು ಷೇರು, ಸೈಟು, ಮ್ಯೂಚುಯಲ್ ಫಂಡ್ ಜೊತೆ ಇದೂ ಒಂದು ಇರಲಿ ಅಂತ ಹಾಕೋರು, 5 ಲಕ್ಷ ಹಾಕಿ ಪ್ರತಿ ಭಾನುವಾರ ಫೋನ್ ಮಾಡಿ "ಏನಾಯ್ತಪ್ಪ ನಮ್ಮ ಕಂಪ್ನಿ" ಅಂತಾರೆ. ಮನೆ ಕಟ್ಟೋಕೆ, ಮಗಳ ಮದುವೆಗೆ ಇಟ್ಟಿರೋ ದುಡ್ಡನ್ನ ಮಾತ್ರ ಯಾರ ಹತ್ರವೂ ತಗೋಬೇಡಿ, ನೆಂಟರಾಗಿದ್ರಂತೂ ಖಂಡಿತ ಬೇಡ. ಮುಳುಗಬಹುದು ಅಂತ ಗೊತ್ತಿದ್ದು ಹಾಕೋರ ದುಡ್ಡೇ ಇಲ್ಲಿ ಸರಿ.

15 ಜನ ಏಂಜೆಲ್‌ಗಳ ಸಣ್ಣ ಸಣ್ಣ ಚೆಕ್ ತಗೊಂಡ್ರೆ ಪ್ರತಿ ಸಹಿಗೂ 15 ಜನರ ಹಿಂದೆ ಓಡಬೇಕು, ಒಬ್ಬರು ಅಮೆರಿಕದಲ್ಲಿ, ಇನ್ನೊಬ್ಬರ ಡಿಜಿಟಲ್ ಸಿಗ್ನೇಚರ್ ಎಕ್ಸ್‌ಪೈರ್ ಆಗಿರುತ್ತೆ. ಅದಕ್ಕೇ ಇಂಡಿಯನ್ ಏಂಜೆಲ್ ನೆಟ್‌ವರ್ಕ್, ಲೆಟ್ಸ್‌ವೆಂಚರ್ ತರದೋರ ಮೂಲಕ ಎಲ್ಲರನ್ನೂ ಒಂದೇ ಹೆಸರಲ್ಲಿ ಸೇರಿಸೋದು ಒಳ್ಳೇದು. ಹಿಂದೆ ಏಂಜೆಲ್ ಟ್ಯಾಕ್ಸ್ ಅಂತ ದೊಡ್ಡ ತಲೆನೋವಿತ್ತು, 2012ರಲ್ಲಿ ಬಂದಿದ್ದು, 2024ರ ಜುಲೈ ಬಜೆಟ್‌ನಲ್ಲಿ ತೆಗೆದ್ರು, ಆ ಭಯ ಈಗ ಬೇಡ. ಬೆಲೆ ಎಷ್ಟು ಅಂತ ಈಗ್ಲೇ ನಿರ್ಧಾರ ಮಾಡೋಕೆ ಆಗ್ತಿಲ್ಲ ಅಂದ್ರೆ ಕನ್ವರ್ಟಿಬಲ್ ನೋಟ್ ಇದೆ, ಈಗ ಸಾಲ, ಆಮೇಲೆ ಶೇರಾಗುತ್ತೆ, ಮಾನ್ಯತೆ ಇರೋ ಸ್ಟಾರ್ಟಪ್‌ಗೆ ಮಾತ್ರ, ಒಬ್ಬೊಬ್ಬರಿಂದ ಒಂದೇ ಕಂತಲ್ಲಿ 25 ಲಕ್ಷಕ್ಕೆ ಕಮ್ಮಿ ಇರಬಾರದು. ಅಷ್ಟು ಇಲ್ಲ ಅಂದ್ರೆ ಐಸೇಫ್ ಅನ್ನೋ ಒಪ್ಪಂದ, ಅದೂ ಮುಂದೆ ಶೇರಾಗೋದು, 2019ರಲ್ಲಿ 100ಎಕ್ಸ್ ವಿಸಿಯೋರು ಇಲ್ಲಿನ ಕಾನೂನಿಗೆ ಹೊಂದಿಸಿ ತಂದಿದ್ದು.

ಆಕ್ಸಿಲರೇಟರ್ ಬಗ್ಗೆ ಸ್ವಲ್ಪ

ಆಕ್ಸಿಲರೇಟರ್ ಅಂದ್ರೆ ಸಣ್ಣ ಪಾಲು ತಗೊಂಡು ಕೆಲವು ತಿಂಗಳು ದುಡ್ಡು, ತರಬೇತಿ ಕೊಡೋರು. ಅಮೆರಿಕದ ವೈ ಕಾಂಬಿನೇಟರ್ 5 ಲಕ್ಷ ಡಾಲರ್ ಕೊಡುತ್ತೆ, ಅದರಲ್ಲಿ 1.25 ಲಕ್ಷ ಡಾಲರ್‌ಗೆ 7% ಪಾಲು, ಉಳಿದ 3.75 ಲಕ್ಷ ಡಾಲರ್ ಮುಂದೆ ದುಡ್ಡು ಎತ್ತೋ ರೌಂಡಿನ ಬೆಲೆಗೆ ಶೇರಾಗುತ್ತೆ. ನಮ್ಮಲ್ಲಿ ಪೀಕ್ ಎಕ್ಸ್‌ವಿ ಅನ್ನೋ ವಿಸಿಯೋರ ಸರ್ಜ್ 2019ರಿಂದ ಇದೆ, ಆಗ ಅವರ ಹೆಸರು ಸೆಕೋಯಾ ಇಂಡಿಯಾ, ಆಕ್ಸೆಲ್‌ನೋರ ಆಟಮ್ಸ್ 2021ರಿಂದ. ವಿದೇಶದಲ್ಲಿ ಗ್ರಾಹಕರು ಇರೋ ಸಾಫ್ಟ್‌ವೇರ್ ಕಂಪ್ನಿಗೆ ಇವು ನಿಜವಾಗ್ಲೂ ಬಾಗಿಲು ತೆಗೆಯುತ್ತೆ. ಎಚ್ಚರ ಇರಬೇಕಾಗಿದ್ದು ಒಂದೇ, ಯಾರೋ ಹೇಳಿದ್ರು ಅಂತ ಕಂಪ್ನಿಯನ್ನ ಅಮೆರಿಕಕ್ಕೋ ಸಿಂಗಾಪುರಕ್ಕೋ ಎತ್ತಿಕೊಂಡು ಹೋಗೋದು. ಫೋನ್‌ಪೇ 2022ರಲ್ಲಿ ಸಿಂಗಾಪುರದಿಂದ ಭಾರತಕ್ಕೆ ವಾಪಸ್ ಬಂದಾಗ ಅದರ ಇನ್ವೆಸ್ಟರ್‌ಗಳು ಸುಮಾರು 8,000 ಕೋಟಿ ಟ್ಯಾಕ್ಸ್ ಕಟ್ಟಬೇಕಾಯ್ತು. ನಿಮ್ಮ ಗ್ರಾಹಕರು ಇಲ್ಲೇ ಇದ್ರೆ, ಇಲ್ಲೇ ಷೇರು ಮಾರ್ಕೆಟ್‌ನಲ್ಲಿ ಲಿಸ್ಟ್ ಆಗೋ ಆಸೆ ಇದ್ರೆ ಕಂಪ್ನಿ ಇಲ್ಲೇ ಇರಲಿ.

ವೆಂಚರ್ ಡೆಟ್ ಅಂತ ಕೂಡ ಒಂದು ಇದೆ. ಅದು ಸಾಲ, ತಿಂಗಳು ತಿಂಗಳು ಕಟ್ಟಬೇಕು. ಮೊದಲ ದುಡ್ಡಾಗಿ ಬೇಡ.

ಈಗ ವಿಸಿಗಳಲ್ಲೇ ಯಾರು?

ಬೆಂಗಳೂರಿಗೆ ವಿಸಿ ಹೊಸದೇನಲ್ಲ, 1988ರಲ್ಲೇ ಐಸಿಐಸಿಐ, ಯುಟಿಐ ಸೇರಿ ಟಿಡಿಐಸಿಐ ಅಂತ ಇಲ್ಲಿ ಮಾಡಿದ್ರು, 1999ರಲ್ಲಿ ರಾಜ್ಯ ಸರ್ಕಾರದ ಸಂಸ್ಥೆಗಳು ಸೇರಿ ಕಿಟ್ವೆನ್ ಮಾಡಿದ್ವು. ಈಗ ಲೆಕ್ಕಕ್ಕೆ ಸಿಗದಷ್ಟು ಆಗಿವೆ. ನಾನು ಮೂರು ಗುಂಪು ಮಾಡ್ಕೊಂಡಿದ್ದೀನಿ.

ಒಂದು, ಎಲ್ಲಾ ಹಂತಕ್ಕೂ ದುಡ್ಡು ಇರೋ ದೊಡ್ಡೋರು, ಪೀಕ್ ಎಕ್ಸ್‌ವಿ, ಆಕ್ಸೆಲ್ ತರದೋರು. ಇವರ ಹೆಸರು ಬಂದ ದಿನವೇ ಕೆಲಸಕ್ಕೆ ಜನ ಸಿಗ್ತಾರೆ, ಮುಂದಿನ ರೌಂಡಿನೋರು ತಾವಾಗೇ ಫೋನ್ ಮಾಡ್ತಾರೆ. ಆದ್ರೆ ಅವರಿಗೆ ಶುರುವಿನ (ಸೀಡ್) ಹಂತದ ಚೆಕ್ ಸಣ್ಣ ಮೊತ್ತ, ನಿಮ್ಮಂಥೋರು ಅವರ ಹತ್ರ ಬಹಳ ಜನ. ಮುಂದಿನ ರೌಂಡಲ್ಲಿ ಅವರು ಹಾಕಲಿಲ್ಲ ಅಂದ್ರೆ ಹೊರಗಿನೋರು ಕೇಳೋ ಮೊದಲ ಪ್ರಶ್ನೆ, "ಒಳಗಿರೋ ಅಷ್ಟು ದೊಡ್ಡೋರೇ ಯಾಕೆ ಹಾಕ್ತಿಲ್ಲ?" ಅದಕ್ಕೆ ಉತ್ತರ ಕೊಡೋದು ಬಹಳ ಕಷ್ಟ. ಸಣ್ಣ ಫಂಡ್‌ನೋರು ಹಾಕಲಿಲ್ಲ ಅಂದ್ರೆ ಯಾರೂ ಏನೂ ಅಂದ್ಕೊಳ್ಳಲ್ಲ, ಅವರ ಹತ್ರ ಅಷ್ಟು ದುಡ್ಡಿರಲ್ಲ ಅಂತ ಎಲ್ಲರಿಗೂ ಗೊತ್ತು.

ಎರಡು, ಶುರುವಿನ ಹಂತವನ್ನೇ ಮುಖ್ಯ ಕೆಲ್ಸ ಮಾಡ್ಕೊಂಡಿರೋರು. ಬ್ಲೂಮ್ ಇದೆ, ಬೆಂಗಳೂರಲ್ಲೇ 3ವನ್4 ಇದೆ, ವಾಣಿ ಕೋಲಾ ಅವರ ಕಲಾರಿ ಇದೆ, ಇನ್ನೂ ಸಣ್ಣ ಮೈಕ್ರೋ ಫಂಡ್‌ಗಳಿವೆ. ಇವರಿಗೆ ಮೊದಲ ಚೆಕ್ ಅಂದ್ರೆ ದೊಡ್ಡ ನಿರ್ಧಾರ, ಪಾರ್ಟ್ನರ್ ತಾವೇ ಫೋನ್ ಎತ್ತುತ್ತಾರೆ.

ಮೂರು, ಒಂದೇ ವಿಷಯಕ್ಕೆ ಅಂಟಿಕೊಂಡಿರೋರು, ಕೃಷಿಗೆ ಓಮ್ನಿವೋರ್, ಸಂಶೋಧನೆ ಜಾಸ್ತಿ ಬೇಕಾಗೋ ಡೀಪ್‌ಟೆಕ್‌ಗೆ ಪೈ ವೆಂಚರ್ಸ್, ಸ್ಪೆಶಿಯಾಲೆ, ಐಡಿಯಾಸ್ಪ್ರಿಂಗ್. ಹಾರ್ಡ್‌ವೇರ್, ಸ್ಪೇಸ್, ಬಯೋಟೆಕ್, ಕೃಷಿ ಇಂಥ ನಿಧಾನದ ಕೆಲ್ಸ ಮಾಡೋರಿಗೆ ನನ್ನ ಮಟ್ಟಿಗೆ ಇವರೇ ಮೊದಲ ಬಾಗಿಲು. ಚೆನ್ನೈನ ಅಗ್ನಿಕುಲ್ ಶುರುವಾಗಿದ್ದು 2017, ಶ್ರೀಹರಿಕೋಟಾದಿಂದ ಅವರ ರಾಕೆಟ್ ಮೊದಲ ಸಲ ಹಾರಿದ್ದು 2024ರ ಮೇ 30. ಮಧ್ಯೆ 7 ವರ್ಷ. ಸ್ಪೆಶಿಯಾಲೆ, ಪೈ ಇಬ್ಬರೂ ಶುರುವಿನ ರೌಂಡ್‌ಗಳಲ್ಲೇ ಹಾಕಿದ್ರು. ರಾಕೆಟ್‌ಗೆ 7 ವರ್ಷ ಆಗುತ್ತೆ ಅಂತ ಮೊದಲೇ ಗೊತ್ತಿರೋರಷ್ಟೇ ಅಷ್ಟು ದಿನ ಕಾಯೋದು. ನಮ್ಮ ಸೆನ್ಸರ್ ಕಥೆಯಲ್ಲೂ ಹಾಗೇ ಆಯ್ತು, ಸಾಮಾನ್ಯ ಫಂಡ್‌ನೋರು "ತಿಂಗಳಿಗೆ ಎಷ್ಟು ಪರ್ಸೆಂಟ್ ಬೆಳೀತಿದೀರ" ಅಂತ ಕೇಳಿದ್ರೆ, ಕೃಷಿ ಕಡೆ ಹಾಕೋ ಒಬ್ಬರು ಕೇಳಿದ್ದು "ಸೆಕ್ರೆಟರಿ ಬದಲಾದ್ರೆ ನಿಮ್ಮ ಕಾಂಟ್ರಾಕ್ಟ್ ಉಳಿಯುತ್ತಾ?" ಆ ಒಂದು ಪ್ರಶ್ನೆಗೇ ಗೊತ್ತಾಯ್ತು, ಇವರು ಡೈರಿ ಒಳಗೆ ಕಾಲಿಟ್ಟಿದ್ದಾರೆ.

ಎರಡು ಟರ್ಮ್ ಶೀಟ್, ಒಂದು ಪೆನ್ಸಿಲ್

ಕೊನೆಗೆ ನಮ್ಮ ಕೈಗೆ ಎರಡು ಟರ್ಮ್ ಶೀಟ್, ಅಂದ್ರೆ ದುಡ್ಡು ಹಾಕೋ ಷರತ್ತು ಬರೆದ ಪತ್ರ, ಬಂತು. ಒಂದು ದೊಡ್ಡ ಫಂಡಿಂದು, 20 ಕೋಟಿ ಪೋಸ್ಟ್ ಮನಿ, ಅಂದ್ರೆ ಹೊಸ ದುಡ್ಡು ಸೇರಿಸಿ ಕಂಪ್ನಿಗೆ ಕಟ್ಟಿದ ಬೆಲೆ. ಇನ್ನೊಂದು ಸಣ್ಣ ಫಂಡಿಂದು, 16 ಕೋಟಿ. ಇಬ್ಬರೂ ಕೇಳಿದ್ದು 20%, ಅಂದ್ರೆ ಒಬ್ಬರು 4 ಕೋಟಿ ಕೊಡ್ತಾರೆ, ಇನ್ನೊಬ್ಬರು 3.2 ಕೋಟಿ. ಇದರಲ್ಲಿ ಯೋಚನೆ ಮಾಡೋಕೆ ಏನಿದೆ ಅಂತ ನನ್ನ ಸ್ನೇಹಿತ. ಜಯನಗರದಲ್ಲಿ ನಮ್ಮ ಆಡಿಟರ್ ಆಫೀಸಿಗೆ ಎರಡೂ ತಗೊಂಡು ಹೋದ್ವಿ. ಅವರು ಕನ್ನಡಕ ಮೇಲೆತ್ತಿ ಮೊದಲ ಪೇಜ್ ನೋಡಲೇ ಇಲ್ಲ, ನೇರ ಮೂರನೇ ಪೇಜಿಗೆ ಹೋದ್ರು. "ನೋಡ್ರಪ್ಪ, ಬೆಲೆ ಆಮೇಲೆ. ಮೊದಲು ಮಾರಿದಾಗ ಯಾರಿಗೆ ಮೊದಲು ಸಿಗುತ್ತೆ ಅಂತ ನೋಡೋಣ."

ಪೆನ್ಸಿಲ್ ತಗೊಂಡು ಲಿಕ್ವಿಡೇಶನ್ ಪ್ರಿಫರೆನ್ಸ್ ಲೆಕ್ಕ ಹಾಕಿದ್ರು. 4 ಕೋಟಿ ಹಾಕಿದಾರೆ, 20% ಪಾಲು, ನಾಳೆ ಏನೋ ಆಗಿ ಕಂಪ್ನಿ ಬರೀ 10 ಕೋಟಿಗೆ ಮಾರಬೇಕಾಯ್ತು ಅಂತ ಇಟ್ಕೊಳ್ಳಿ. 1ಎಕ್ಸ್ ನಾನ್ ಪಾರ್ಟಿಸಿಪೇಟಿಂಗ್ ಅಂತ ಬರೆದಿದ್ರೆ ಅವರು 20% ಅಂದ್ರೆ 2 ಕೋಟಿ ತಗೋಬಹುದು, ಇಲ್ಲಾ ಹಾಕಿದ 4 ಕೋಟಿ ವಾಪಸ್ ತಗೋಬಹುದು, ಯಾವುದಾದ್ರೂ ಒಂದು. 4 ತಗೊಳ್ತಾರೆ, ಉಳಿದೋರಿಗೆ 6. ಅದೇ ಪಾರ್ಟಿಸಿಪೇಟಿಂಗ್ ಅಂತ ಇದ್ರೆ ಮೊದಲು 4 ತಗೊಂಡು, ಉಳಿದ 6ರಲ್ಲಿ ಮತ್ತೆ 20%, ಅಂದ್ರೆ 1.2, ಒಟ್ಟು 5.2, ಉಳಿದೋರಿಗೆ 4.8. 2ಎಕ್ಸ್ ಅಂತ ಇದ್ರೆ ಮೊದಲೇ 8 ಹೋಯ್ತು, ಉಳಿದೋರೆಲ್ಲಾ ಸೇರಿ 2 ಹಂಚ್ಕೋಬೇಕು. ದೊಡ್ಡ ಬೆಲೆಯ ಶೀಟಲ್ಲಿ ಪಾರ್ಟಿಸಿಪೇಟಿಂಗ್ ಅಂತ ಇತ್ತು. ಸಣ್ಣದ್ರಲ್ಲಿ 1ಎಕ್ಸ್ ನಾನ್ ಪಾರ್ಟಿಸಿಪೇಟಿಂಗ್. ಇವತ್ತಿಗೂ ಹೇಳ್ತೀನಿ, ಮೊದಲ ರೌಂಡಲ್ಲಿ 1ಎಕ್ಸ್ ನಾನ್ ಪಾರ್ಟಿಸಿಪೇಟಿಂಗ್‌ಗಿಂತ ಜಾಸ್ತಿ ಏನು ಕೇಳಿದ್ರೂ ಒಪ್ಪಬೇಡಿ, ಬೇಕಾದ್ರೆ ಬೆಲೆಯಲ್ಲಿ ಸ್ವಲ್ಪ ಬಿಟ್ಟುಕೊಡಿ.

ಆಮೇಲೆ ಈಸಾಪ್ ಪೂಲ್, ಉದ್ಯೋಗಿಗಳಿಗೆ ಅಂತ ತೆಗೆದಿಡೋ ಶೇರು. ದೊಡ್ಡ ಶೀಟಲ್ಲಿ 10% ಪೂಲ್ ರೌಂಡಿಗೆ ಮುಂಚೆನೇ ಮಾಡಬೇಕು ಅಂತ ಇತ್ತು. 20 ಕೋಟಿಯಲ್ಲಿ 4 ಹೊಸ ದುಡ್ಡು, ನಮ್ಮ ಹಳೇ ಕಂಪ್ನಿಗೆ 16 ಕೋಟಿ ಬೆಲೆ ಕಟ್ಟಿದಾರೆ ಅಂತ ನಾವು ಖುಷಿಯಾಗಿದ್ವಿ. ಆಡಿಟರ್ ಹೇಳಿದ್ರು, 10% ಪೂಲ್ ಅಂದ್ರೆ 2 ಕೋಟಿ, ಅದು ಪೂರ್ತಿ ನಿಮ್ಮ ಪಾಲಿಂದಲೇ ಹೋಗೋದು, ಹಾಗಾಗಿ ನಿಮಗೆ ಕಟ್ಟಿದ ನಿಜವಾದ ಬೆಲೆ 14. ಸಣ್ಣ ಶೀಟಲ್ಲಿ 16ರಲ್ಲಿ 3.2 ಕಳೆದು 12.8, ಪೂಲ್ 5% ಅಂದ್ರೆ 0.8, ಉಳಿದಿದ್ದು 12. 4 ಕೋಟಿ ಅಂತರ ಅಂದ್ಕೊಂಡಿದ್ದು 2 ಕೋಟಿಗೆ ಬಂತು.

ಇನ್ನೂ ಮೂರು ಕಡೆ ಪೆನ್ಸಿಲ್ ಗುರುತು ಹಾಕಿದ್ರು, ನೀವೂ ಅಲ್ಲೇ ನೋಡಿ. ಮುಂದಿನ ರೌಂಡಲ್ಲಿ ಬೆಲೆ ಇಳಿದ್ರೆ ಏನು ಅನ್ನೋ ಆಂಟಿ ಡೈಲ್ಯೂಶನ್, ಅಲ್ಲಿ ಬ್ರಾಡ್ ಬೇಸ್ಡ್ ವೆಯ್ಟೆಡ್ ಆವರೇಜ್ ಅಂತ ಇರಲಿ, ಆಗ ಇನ್ವೆಸ್ಟರ್‌ನ ಹಳೇ ಬೆಲೆ ಸ್ವಲ್ಪ ಮಾತ್ರ ಇಳಿಯುತ್ತೆ, ಅದನ್ನ ಪೂರ್ತಿ ಹೊಸ ಬೆಲೆಗೇ ಇಳಿಸೋ ಫುಲ್ ರ‍್ಯಾಚೆಟ್ ಅಂತ ಇದ್ರೆ ಎದ್ದು ಬನ್ನಿ. ಇನ್ವೆಸ್ಟರ್ ಒಪ್ಪಿಗೆ ಇಲ್ದೇ ಏನೇನು ಮಾಡಬಾರದು ಅನ್ನೋ ಪಟ್ಟಿ, ದೊಡ್ಡದ್ರಲ್ಲಿ 5 ಲಕ್ಷಕ್ಕಿಂತ ಹೆಚ್ಚಿನ ಯಾವ ಖರ್ಚಿಗೂ ಒಪ್ಪಿಗೆ ಬೇಕು ಅಂತ ಇತ್ತು, ಸೆನ್ಸರ್ ಬೋರ್ಡ್ ಒಂದು ಸಲ ಆರ್ಡರ್ ಮಾಡಿದ್ರೇ ಅದು ದಾಟುತ್ತೆ. ಮೂರನೇದು ಎಕ್ಸಿಟ್ ಕ್ಲಾಸ್, 5ನೇ ವರ್ಷದ ಕೊನೆಗೆ ಹೊರಗೆ ಹೋಗೋ ದಾರಿ ಮಾಡಿಕೊಡದಿದ್ರೆ ಇನ್ವೆಸ್ಟರ್ ಪೂರ್ತಿ ಕಂಪ್ನಿನೇ ಮಾರಿಸಬಹುದು ಅಂತ. ಸಣ್ಣದ್ರಲ್ಲಿ ಅದು 7 ವರ್ಷ, ಫಂಡ್‌ಗೆ ಆಗ ಎರಡನೇ ವರ್ಷ. ಆಡಿಟರ್ ಆ 5 ಮತ್ತೆ 7ರ ಸುತ್ತ ಎರಡು ಸಲ ಗೀಟು ಎಳೆದು ಪೆನ್ಸಿಲ್ ಕೆಳಗಿಟ್ರು. ನನ್ನ ಸ್ನೇಹಿತ ಬರ್ತಾ ದಾರಿಯಲ್ಲಿ ಒಂದು ಮಾತೂ ಆಡಲಿಲ್ಲ, ರಾತ್ರಿ ಫೋನ್ ಮಾಡಿ "ಸಣ್ಣದೇ ಇರ್ಲಿ ಕಣೋ" ಅಂದ.

ಸಹಿ ಹಾಕೋ ಮುಂಚೆ

ಇನ್ವೆಸ್ಟರ್‌ನೋರು ನಮ್ಮ ಬಗ್ಗೆ ನಾಲ್ಕು ಕಡೆ ವಿಚಾರಿಸ್ತಾರಲ್ಲ, ನಾವೂ ವಿಚಾರಿಸಬೇಕು. ಸೆಬಿ ಸೈಟಲ್ಲಿ ರಿಜಿಸ್ಟರ್ ಆಗಿರೋ ಎಐಎಫ್‌ಗಳ ಪಟ್ಟಿ ಇದೆ, ಹೆಸರು ಇದೆಯಾ ನೋಡಿ. ಅವರು ಕೊಡೋ ರೆಫರೆನ್ಸ್‌ಗಳೆಲ್ಲಾ ಗೆದ್ದೋರದ್ದೇ ಇರುತ್ತೆ, ಅವರು ಹಾಕಿ ಮುಚ್ಚಿಹೋದ ಕಂಪ್ನಿಯ ಫೌಂಡರ್ ಒಬ್ಬರನ್ನ ನೀವೇ ಹುಡುಕಿ ಮಾತಾಡಿ. ನಾನು ಮಾತಾಡಿಸಿದ ಒಬ್ಬರು ಹೇಳಿದ್ದು, ಮುಚ್ಚೋ ದಿನ ಅವರ ಪಾರ್ಟ್ನರ್ ಬಂದು ಪಕ್ಕದಲ್ಲಿ ಕೂತು, ಉದ್ಯೋಗಿಗಳ ಬಾಕಿ ಸಂಬಳ ಮೊದಲು ಕೊಡಿ, ನಮ್ಮದು ಆಮೇಲೆ ನೋಡೋಣ ಅಂದ್ರಂತೆ. ನಾವು ಆ ಫಂಡ್‌ಗೇ ಹೂಂ ಅಂದಿದ್ದು. ನಿಮ್ಮ ಬೋರ್ಡಲ್ಲಿ ಕೂರೋದು ಯಾರು ಅಂತ ಹೆಸರು ಹಿಡಿದು ಕೇಳಿ, ಪಿಚ್ ಕೇಳಿದೋರು ಒಬ್ಬರು, ಬರೋರು ಇನ್ನೊಬ್ಬರು ಆಗಬಾರದು. ನಿಮ್ಮದು ಎಲ್‌ಎಲ್‌ಪಿ (ಪಾಲುದಾರಿಕೆ ಸಂಸ್ಥೆ) ಆಗಿದ್ರೆ ಪ್ರೈವೇಟ್ ಲಿಮಿಟೆಡ್ ಮಾಡ್ಕೊಳ್ಳೋಕೆ ಟೈಮ್ ಇಟ್ಕೊಳ್ಳಿ, ವಿಸಿಗೆ ಬೇಕಾಗೋ ಪ್ರಿಫರೆನ್ಸ್ ಶೇರು ಎಲ್‌ಎಲ್‌ಪಿಯಲ್ಲಿ ಕೊಡೋಕೆ ಬರಲ್ಲ.

ದುಡ್ಡು ಬ್ಯಾಂಕಿಗೆ ಬಂದ ದಿನ ಖರ್ಚು ಮಾಡೋಕೆ ಆಗಲ್ಲ, ಇದನ್ನ ಯಾರೂ ಮೊದಲೇ ಹೇಳಲ್ಲ. ಕಂಪ್ನಿ ಕಾಯ್ದೆ ಸೆಕ್ಷನ್ 42ರ ಪ್ರಕಾರ ಶೇರು ಅಲಾಟ್ ಮಾಡಿ, ಅದನ್ನ ಕಂಪ್ನಿ ರಿಜಿಸ್ಟ್ರಾರ್‌ಗೆ ತಿಳಿಸೋ ಪಿಎಎಸ್-3 ಫಾರಂ ಫೈಲ್ ಆಗೋ ತನಕ ಆ ದುಡ್ಡು ಮುಟ್ಟಂಗಿಲ್ಲ. ವಿದೇಶಿ ದುಡ್ಡಾಗಿದ್ರೆ ಅಲಾಟ್ ಆದ 30 ದಿನದೊಳಗೆ ಆರ್‌ಬಿಐಗೆ ಎಫ್‌ಸಿ-ಜಿಪಿಆರ್ ಅನ್ನೋ ಫಾರಂ ಬೇರೆ. ನಮಗೆ ದುಡ್ಡು ಬಂದಿದ್ದು 28ನೇ ತಾರೀಖು, 1ನೇ ತಾರೀಖು 6 ಜನರ ಸಂಬಳ, ಫಾರಂ ಹಾಕೋ ಪೋರ್ಟಲ್ ಎರಡು ದಿನ ಓಪನ್ನೇ ಆಗಲಿಲ್ಲ. 3.2 ಕೋಟಿ ಅಕೌಂಟಲ್ಲಿ ಕಾಣ್ತಾ ಇತ್ತು, ಆ ತಿಂಗಳ ಸಂಬಳ ಕೊಟ್ಟಿದ್ದು ಆ ಸೆಕ್ರೆಟರಿ ಮತ್ತೆರಡು ಟ್ಯಾಂಕಿಗೆ ಕೊಟ್ಟ ಅಡ್ವಾನ್ಸಿಂದ.